ಒರೆಸುವ ಕೈ

ಪುಣೆಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅಪ್ಪ ಕೂತದ್ದನ್ನು ನಾನು ಕಂಡದ್ದೇ ಕಡಿಮೆ. "ಬಸಾ ಅಣ್ಣಾ" ಎಂದು ಗಿರಾಕಿಗಳು ಮರಾಠಿಯಲ್ಲಿ ಕೂರಲು ಹೇಳುತ್ತಿದ್ದರು. ಅವರು ಏಳುವಷ್ಟರಲ್ಲಿ ಅಪ್ಪ ಮೇಜು ಒರೆಸಿಯಾಗಿರುತ್ತಿತ್ತು. ಕೆಲಸದವರಿದ್ದಾರಲ್ಲ ಎಂದರೆ, "ಹಾಗೇ ಬಿಟ್ಟು ಹೋಗ್ಲಿಕ್ಕಾಗ್ತದಾ?" ಎನ್ನುತ್ತಿದ್ದರು. ಬೇರೆಯವರ ಹೋಟೆಲಿಗೆ ಹೋದರೂ ಅದೇ.

ಐವತ್ತರ ಮೇಲೆ ಅಪ್ಪನಿಗೆ ಗಾಲ್ಫ್ ಹಿಡಿಸಿತು. ಒಮ್ಮೆ ನಾವಿಬ್ಬರೂ ಸ್ಕಾಟ್ಲೆಂಡಿನ ಕಡಲಂಚಿನ ಮೈದಾನಗಳಲ್ಲಿ ಆಡಲು ಹೋದೆವು. ಚೆಂಡು ಮರಳುಗುಂಡಿಗೆ ಬಿದ್ದರೆ, ಆಡಿದವರೇ ರೇಕ್ ಎಂಬ ಹಲ್ಲಿನ ಕೋಲು ಎಳೆದು ತಮ್ಮ ಹೆಜ್ಜೆಗುರುತು ಅಳಿಸಬೇಕು. ಒಂದು ಕಡೆ ನಮ್ಮಿಬ್ಬರ ಚೆಂಡುಗಳೂ ಗುಂಡಿಗೆ ಬಿದ್ದವು. ಅಪ್ಪ ತಮ್ಮದಷ್ಟೇ ಅಲ್ಲ, ಯಾರ್ಯಾರೋ ಬಿಟ್ಟುಹೋದದ್ದನ್ನೂ ಅಳಿಸತೊಡಗಿದರು. ನಮ್ಮ ಹಿಂದೆ ಆಡುತ್ತ ಬರುತ್ತಿದ್ದ ತಂಡ ಕಾಯುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

"ಅಪ್ಪ, ಸಾಕು, ಬನ್ನಿ."

"ಬಂದೆ ಮಾರಾಯ. ಹಾಗೇ ಬಿಟ್ಟು ಹೋಗ್ಲಿಕ್ಕಾಗ್ತದಾ?"

ಹಿಂದಿನವರಲ್ಲೊಬ್ಬ ಹತ್ತಿರ ಬಂದು, ಈತ ಇಲ್ಲಿಯ ಕೆಲಸದವನೇ ಎಂದು ನನ್ನನ್ನು ಕೇಳಿದ. ಗಾಳಿಗೆ ಕೇಳಿಸದವನಂತೆ ನಾನು ಸಮುದ್ರ ನೋಡುತ್ತ ನಿಂತೆ.

ಅಪ್ಪನಿಗೆ ಕೇಳಿಸಿತ್ತು. ನಗುತ್ತ, ಹೌದೆಂದು ತಲೆಯಾಡಿಸಿದರು. ಆಮೇಲೆ ತಿರುಗಿ, ಅವಸರದಲ್ಲಿ ನಾನು ಅಳಿಸದೆ ಬಂದಿದ್ದ ಹೆಜ್ಜೆಗಳ ಮೇಲೂ ನಿಧಾನವಾಗಿ ರೇಕ್ ಎಳೆದರು.