ಚಾಪೆಯ ಮೇಲೆ ಕೊಯ್ದ ಲಿಂಬಿಹಣ್ಣು

ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ಡೀಕಪ... ಡೀಕಪ್ಲಿ... ಪೂರ್ತಿ ನೆನಪಾಗುತ್ತಿಲ್ಲ. ರಬ್ಬರಿನಂಥ ಚಾಪೆ ಅದು. ಗೋವಾದ ಸಾಂಕೋಲೆಯ ಹಳೆಯ ಮನೆಯೊಂದರ ಮಹಡಿಯಲ್ಲಿ, ಮರದ ಹಲಗೆಯ ನೆಲದ ಮೇಲೆ, ಮನೆಯೊಡತಿ, ನಾವೆಲ್ಲ ‘ಬಾಯಿ’ ಎಂದು ಕರೆಯುತ್ತಿದ್ದವರು, ಬಚ್ಚಲು ಮಾಡಿಸುತ್ತಿದ್ದರು. ಹಲಗೆ ಅಲುಗಿದರೂ ಟೈಲ್ಸ್ ಬಿರುಕು ಬಿಡಬಾರದು, ಕೆಳಗೆ ನೀರು ಇಳಿಯಬಾರದು ಎಂದು ಅವರ ತಮ್ಮ ಹೊರದೇಶದಿಂದ ಅದನ್ನು ಕಳಿಸಿದ್ದ. ಸರಿಯಾಗಿ ಕೆಳಗಿನ ಕೋಣೆಯಲ್ಲಿ ಬಾಯಿಯ ತಾಯಿ ಹಾಸಿಗೆ ಹಿಡಿದಿದ್ದರು.

ಚಾಪೆ ಅಂಟಿಸಿದ ಮೇಲೆ ನಮ್ಮ ಗೌಂಡಿ ಬಸಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. "ಕಾಲುಂಗುರಕ್ಕ ಅರಿವಿ ಸುತ್ತಕೋ ಯಕ್ಕಾ, ಗೀರು ಬಿದ್ದೀತು" ಎಂದು ಅವನ ಕೈಕೆಳಗೆ ಗಾರೆ ಹೊರುತ್ತಿದ್ದ ನನ್ನನ್ನೂ ಗದರಿದ.

ಮರುದಿನ ಟೈಲ್ಸ್ ಕೂಡಿಸುವ ಮುಂಚೆ ಪೂಜೆ. ಬಸಪ್ಪನೇ ಊದುಬತ್ತಿ ಬೆಳಗಿ, ಲಿಂಬಿಹಣ್ಣನ್ನು ಚಾಪೆಯ ನಡುವೆ ಇಟ್ಟು, ಹರಿತವಾದ ಕೊಯ್ತಾ ಮಚ್ಚಿನಿಂದ ಒಂದೇ ಏಟಿಗೆ ಎರಡು ಹೋಳು ಮಾಡಿದ. ಹಣ್ಣಿನ ಜೊತೆ ಚಾಪೆಯೂ ಗೇಣುದ್ದ ಸೀಳಿತು.



"ಅರೇ ಸಾಯಬಾ, ದೇವರೇ! ಕೆಳಗೆ ನನ್ನ ಅಮ್ಮ ಮಲಗಿದ್ದಾಳಲ್ಲೋ!" ಎಂದು ಬಾಯಿ ಚೀರಿದರು.

"ಕೈ ತಾನ ಹೋತ್ರೀ ಬಾಯಿ... ರೂಢಿ" ಎಂದ ಬಸಪ್ಪ. ಕೊಯ್ತಾ ಪಕ್ಕಕ್ಕಿಟ್ಟು ಸೀಳಿನ ಮೇಲೆ ಬೆರಳಾಡಿಸಿದ.

ಚಾಪೆಯ ಉಳಿದಿದ್ದ ತುಂಡನ್ನು ಸೀಳಿನ ಮೇಲೆ ಅಗಲವಾಗಿ ಅಂಟಿಸಿ, ಒಣಗಿದ ಮೇಲೆ ನೀರು ಕಟ್ಟಿ ನಿಲ್ಲಿಸಿದೆವು. ಬಾಯಿ ದಿನವಿಡೀ ತಾಯಿಯ ಪಕ್ಕ ಕೂತು ತಲೆಯ ಮೇಲಿನ ಹಲಗೆಗಳನ್ನೇ ನೋಡಿದರು. ಒಂದು ಹನಿಯೂ ಬೀಳಲಿಲ್ಲ.

"ನೋಡ್ರಿ, ಪೂಜಿ ಫಲ ಕೊಡ್ತು!" ಎಂದ ಬಸಪ್ಪ, ನಾಚಿಕೆಯೇ ಇಲ್ಲದೆ.

ಈಗ ನನ್ನ ಮೊಮ್ಮಗಳ ಮನೆಗೆ ಟೈಲ್ಸ್ ಹಾಕಿಸುತ್ತಿದ್ದಾರೆ. "ಬರ್ದಿಟ್ಕೋ ತಂಗಿ" ಎಂದೆ ಅವಳಿಗೆ, "ಪೂಜಿ ಅಂಗಳದಾಗ ಮಾಡ್ರಿ. ದೇವ್ರು ಅಲ್ಲಿಗೂ ಬರ್ತಾನ."