ಕರೆಂಟು ಕೊಟ್ಟ ಮೇಲಿನ ಸರಸಕ್ಕ

ಮರವಂತೆಯಿಂದ ಆಚೆ ನಾವುಂದದವರೆಗೆ, ಈಚೆ ತ್ರಾಸಿಯವರೆಗೆ, ಒಂದು ಕಾಲದಲ್ಲಿ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವು ಮಿಂದದ್ದು ಸರಸಕ್ಕನ ಕಾಲ ಮೇಲೆ. ಬಚ್ಚಲಲ್ಲಿ ಮಣೆ ಹಾಕಿ, ಕಾಲು ನೀಡಿ ಕೂತು, ಶಿಶುವನ್ನು ಮೊಣಕಾಲುಗಳ ನಡುವೆ ಮಲಗಿಸಿಕೊಂಡು ಅವಳು ಎಣ್ಣೆ ತಿಕ್ಕಲು ಶುರು ಮಾಡಿದರೆ ಮನೆಯ ಗಂಡಸರೆಲ್ಲ ಅಂಗಳಕ್ಕೆ ಇಳಿಯುತ್ತಿದ್ದರು. ಶಿಶು ಹಂಚಿನ ಮಾಡು ಹಾರಿಹೋಗುವಂತೆ ಅಳುತ್ತಿತ್ತು. ಆಮೇಲೆ ಹೊಗೆ ಹಿಡಿಸಿ, ಬಟ್ಟೆ ಸುತ್ತಿ ತೊಟ್ಟಿಲಿಗೆ ಹಾಕಿದರೆ ಮಧ್ಯಾಹ್ನದವರೆಗೆ ಕಣ್ಣು ಬಿಡುತ್ತಿರಲಿಲ್ಲ. ಬಾಣಂತಿಯ ಸೊಂಟಕ್ಕೆ ಬಿಸಿನೀರು ಹೊಯ್ಯುವುದರಲ್ಲೂ ಅವಳದೇ ಒಂದು ಕ್ರಮವಿತ್ತು. ಈ ಕೆಲಸವನ್ನು ಅವಳು ಕಲಿತದ್ದು ಅತ್ತೆಯಿಂದ.

ಅವಳ ಗಂಡ ತಿಮ್ಮ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಿದ್ದ. ಮದುವೆಯಾಗಿ ಕೆಲವೇ ವರ್ಷಕ್ಕೆ ಕಾಮಾಲೆ ತಗುಲಿ ತೀರಿಕೊಂಡ. ಮಕ್ಕಳಾಗಿರಲಿಲ್ಲ. ಅತ್ತೆಯೂ ಹೋದ ಮೇಲೆ ಹೆದ್ದಾರಿಯ ಪಡುಬದಿಯ ಆ ಸಣ್ಣ ಹಂಚಿನ ಮನೆಯಲ್ಲಿ ಸರಸಕ್ಕ ಒಬ್ಬಳೇ ಉಳಿದಳು. ಪಕ್ಕದ ಹಿತ್ತಲೇ ಅವಳ ತವರು; ಅಲ್ಲಿ ತಮ್ಮ ಸುಬ್ಬ, ಅವನ ಹೆಂಡತಿ ಸೀತು ಇದ್ದರು. ಹಬ್ಬಕ್ಕೆ ಕರೆಯುತ್ತಿದ್ದರು, ಮೀನು ಸಿಕ್ಕಿದ ದಿನ ಪದಾರ್ಥ ಕಳಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನದನ್ನು ಅವಳು ಕೇಳಿದವಳೂ ಅಲ್ಲ.

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲ ಕಳೆದ ಮೇಲೆ ಅದು ಶುರುವಾಯಿತು. ಯಾವ ದಿನ ಎಂದು ಕೇಳಿದರೆ ಅವಳಿಗೇ ಗೊತ್ತಿಲ್ಲ. ಬೆಳಗ್ಗೆ ಎಚ್ಚರವಾದರೂ ಏಳಲು ಮನಸ್ಸು ಬರುತ್ತಿರಲಿಲ್ಲ. ಕಾಲ ಮೇಲೆ ಮಲಗಿದ ಶಿಶು ಅಳುವುದು ಎಲ್ಲೋ ಹೊಳೆಯಾಚೆ ಅಳುತ್ತಿರುವ ಹಾಗೆ ಕೇಳಿಸುತ್ತಿತ್ತು. ಗಂಜಿ ಬಾಯಿಗಿಟ್ಟರೆ ಮರಳು ತಿಂದಂತೆ. ಒಂದೊಂದೇ ಮನೆಗೆ ಹೋಗುವುದನ್ನು ಬಿಟ್ಟಳು.

"ಎಂತ ಆಯ್ತ್ ಅಕ್ಕ? ಯಾರಾರೂ ಎಂತಾರೂ ಹೇಳ್ರಾ?" ಎಂದು ಸುಬ್ಬ ಕೇಳಿದ.

"ಎಂತದೂ ಆಯ್ಲ."

"ಮತ್ತೆ ಹೀಂಗೆ ಕೂಕಂಡ್ರೆ?"

ಗಂಡ ಸತ್ತಾಗ ಇಡೀ ಕೇರಿ ಬಂದು ಅವಳೊಡನೆ ಅತ್ತಿತ್ತು. ಈಗ ಯಾರೂ ಸತ್ತಿಲ್ಲ, ಯಾರೂ ಬೈದಿಲ್ಲ. ಬಂದವರೆಲ್ಲ ಕಾರಣ ಕೇಳುತ್ತಿದ್ದರು, ಕಾರಣ ಸಿಗದೆ ಎದ್ದು ಹೋಗುತ್ತಿದ್ದರು. ಹೋಗಲಿ, ಏನಾದರೊಂದು ಸುಳ್ಳು ಕಾರಣ ಹೇಳಿಬಿಡೋಣ ಎಂದು ಸರಸಕ್ಕನಿಗೆ ಅನಿಸಿದ್ದೂ ಉಂಟು. ಅದನ್ನು ಕಟ್ಟುವಷ್ಟು ತ್ರಾಣವೂ ಇರಲಿಲ್ಲ. ಸೀತು ಶಂಕರನಾರಾಯಣ ಊರಿನ ಕಡೆಯ ಒಬ್ಬ ಜೋಯಿಸರಲ್ಲಿ ಪ್ರಶ್ನೆ ಕೇಳಿಸಿ ಮಂತ್ರಿಸಿದ ನೂಲು ತಂದು ಕಟ್ಟಿದಳು. ನೂಲು ಕೈಯಲ್ಲಿ ಸಡಿಲವಾಗುತ್ತಾ ಹೋಯಿತು. ಕೊನೆಗೆ ಮಾತೂ ನಿಂತಿತು. ಗೋಡೆ ಕಡೆ ಮುಖ ಮಾಡಿ ಮಲಗಿದವಳು ನೀರಿಗೂ ಬಾಯಿ ತೆರೆಯದಾದಾಗ ಸುಬ್ಬ ಅವಳನ್ನು ಬಾಡಿಗೆ ಕಾರಿನಲ್ಲಿ ಮಲಗಿಸಿಕೊಂಡು ದೊಡ್ಡ ಆಸ್ಪತ್ರೆಗೆ ಹೋದ.

ಮಾನಸಿಕ ವಿಭಾಗದಲ್ಲಿ ರೋಗಿಗಳೊಡನೆ ಕೂತು ಮಾತಾಡಲೆಂದೇ ಇದ್ದವರು ಸ್ವರ್ಣಲತಾ, ಬ್ರಹ್ಮಾವರದವರು. ಅವರು ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು, "ಸರಸಕ್ಕ, ಎಂತ ಬೇಜಾರ್ ಹೇಳಿ ಕಾಂಬ" ಎಂದರು. ಸರಸಕ್ಕನಿಗೆ ಅದು ಕೇಳಿಸಿತು. ಹೇಳಬೇಕು ಎಂದೂ ಇತ್ತು. ಆದರೆ ಮಾತು ಎದೆಯಿಂದ ಮೇಲೆ ಬರಲಿಲ್ಲ. ಸ್ವರ್ಣಲತಾ ಮರುದಿನವೂ ಬಂದರು. ಮಾತಿಲ್ಲದೆ ಕೂತು ಎದ್ದು ಹೋದರು.

ಡಾಕ್ಟರು ಸುಬ್ಬನನ್ನು ಹೊರಗೆ ಕರೆದರು. "ನೋಡಿ, ಮಾತಾಡಿ ಗುಣ ಮಾಡಬೇಕಾದರೆ ಅವರು ಮಾತಾಡುವ ಸ್ಥಿತಿಗೆ ಬರಬೇಕಲ್ಲ? ಮಾತ್ರೆ ಕೊಡ್ತೇವೆ, ಅದು ಹಿಡಿಯಲು ವಾರಗಳು ಬೇಕು. ನೀರೂ ಕುಡಿಯದ ದೇಹ ಅಷ್ಟು ದಿನ ಕಾಯುವುದಿಲ್ಲ. ಮೆದುಳಿಗೆ ಕರೆಂಟು ಕೊಡುವ ಚಿಕಿತ್ಸೆ ಮಾಡುವ ಅಂತ ನನ್ನ ಸಲಹೆ."

"ಕರೆಂಟಾ? ಮರ್ಲ್ ಹಿಡ್ದವ್ರಿಗೆ, ಹುಚ್ಚರಿಗೆ ಕೊಡುದಲ್ದಾ ಅದ್?"

"ನಿದ್ದೆಯ ಇಂಜೆಕ್ಷನ್ ಕೊಟ್ಟ ಮೇಲೆ ಮಾಡುವುದು. ಅವರಿಗೆ ಗೊತ್ತೇ ಆಗುವುದಿಲ್ಲ. ದಿನ ಬಿಟ್ಟು ದಿನ, ಕೆಲವು ಸಲ. ಎದ್ದ ಮೇಲೆ ತಲೆನೋವು ಇರಬಹುದು. ಹಿಂದಿನ ಕೆಲವು ತಿಂಗಳ ನೆನಪು ಮಸುಕಾಗಬಹುದು. ಅದನ್ನು ಮುಚ್ಚಿಡುವುದಿಲ್ಲ."

ಸುಬ್ಬ ಹೊರಗೆ ಹೋಗಿ ಬೀಡಿ ಸೇದಿ, ಒಳಗೆ ಬಂದು, ಅಕ್ಕನ ಒಣಗಿದ ತುಟಿ ನೋಡಿ, ಆಗಲಿ ಎಂದ.

ಸರಸಕ್ಕನಿಗೆ ನೆನಪಿರುವುದು ಇಷ್ಟು: ಕೈಗೆ ಒಂದು ಸೂಜಿ, ಯಾರೋ "ಉಸಿರು ತೆಗೆದುಕೊಳ್ಳಿ ಅಮ್ಮ" ಎಂದದ್ದು, ಮತ್ತೆ ಕಣ್ಣು ಬಿಟ್ಟಾಗ ತಲೆ ಸಿಡಿಯುತ್ತಿದ್ದದ್ದು. ಹಾಗೆ ಕೆಲವು ಸಲ ಆಯಿತು. ಒಂದು ಬೆಳಗ್ಗೆ ಎಚ್ಚರವಾದಾಗ ಹೊಟ್ಟೆಯಲ್ಲಿ ಏನೋ ಸುಡುತ್ತಿತ್ತು. ಅದು ಹಸಿವೆ ಎಂದು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಗಂಜಿ ಇತ್ತಾ?" ಎಂದಳು.

ಸುಬ್ಬ ಮೆಟ್ಟಿಲಿಳಿದು ಓಡಿದ. ಕ್ಯಾಂಟೀನಿನಲ್ಲಿ ಗಂಜಿ ಇರಲಿಲ್ಲ. ಇಡ್ಲಿ ಕಟ್ಟಿಸಿಕೊಂಡು ಬಂದ.

"ನಾನ್ ಗಂಜಿ ಅಂದ್ರೆ ನೀನ್ ಇಡ್ಲಿ ಎಂತಕೆ ತಂದದ್? ಸಣ್ಣದಿಪ್ಪತಿಗೆಯೂ ನೀನ್ ಹೀಂಗೆ. ಹೇಳದ್ದ್ ಒಂದ್, ಮಾಡುದ್ ಒಂದ್."

ಅಕ್ಕ ಬೈಯುವುದನ್ನು ಕೇಳಿ ಸುಬ್ಬ ಇಡ್ಲಿ ಕಟ್ಟು ಹಿಡಿದುಕೊಂಡೇ ನಗತೊಡಗಿದ. ಪಕ್ಕದ ಹಾಸಿಗೆಯವರು ಇವನಿಗೇ ಏನೋ ಆಗಿದೆ ಎಂಬಂತೆ ನೋಡಿದರು.

ಆಮೇಲೆ ಸ್ವರ್ಣಲತಾ ಬಂದು ಕೂತಾಗ ಮಾತು ಸಿಕ್ಕಿತು. ಮೊದಮೊದಲು ಸರಸಕ್ಕ ಹೇಳಿದ್ದು ಬರಿಯ ಎಣ್ಣೆ, ನೀರಿನ ಹದದ ಸಂಗತಿ. ಒಂದು ದಿನ ತಾನಾಗಿ ಹೇಳಿದಳು: "ಶಿಶುನ್ ಮೀಸಿ ಅದ್ರ್ ಅಮ್ಮನ ಕೈಯಗೆ ಕೊಟ್ಟ್ ಬಪ್ಪುದ್. ದಾರಿ ಇಡೀ ನನ್ನ ಕೈ ಬೆಚ್ಚಗೆ ಇರತ್ತ್. ಮನಿ ಬೀಗ ಮುಟ್ಟಿದ್ ಕೂಡ್ಲೇ ತಣ್ಣಗಾತ್ತ್. ಇಷ್ಟ್ ವರ್ಷ ಇದನ್ನ ಯಾರ್ ಹತ್ರ ಹೇಳುದ್?"

"ಈಗ ನನ್ನ ಹತ್ರ ಹೇಳಿದ್ರಲ್ಲ" ಎಂದರು ಸ್ವರ್ಣಲತಾ.

ಊರಿಗೆ ಮರಳಿದವಳು ಮಾತ್ರೆ ತಪ್ಪಿಸಲಿಲ್ಲ. ತಿಂಗಳಿಗೊಮ್ಮೆ ಬಸ್ಸು ಹತ್ತಿ ಸ್ವರ್ಣಲತಾರನ್ನು ಕಂಡು ಬರುತ್ತಿದ್ದಳು. ಮೈಯಲ್ಲಿ ಶಕ್ತಿ ಬಂತು, ಕೆಲಸಕ್ಕೆ ಹೋಗುವ ಮನಸ್ಸೂ ಬಂತು. ಆದರೆ ತ್ರಾಸಿಯ ಒಂದು ಮನೆಯಲ್ಲಿ ಹೀಗಾಯಿತು. ಆ ಮನೆಯ ಸೊಸೆ ತೆವಳುವ ಮಗುವನ್ನು ಎತ್ತಿ ತಂದು, "ಕಾಣಿ ಸರಸಕ್ಕ, ನೀವ್ ಮೀಸಿದ್ ಮಗು ಎಷ್ಟ್ ದೊಡ್ಡ ಆಯ್ತ್!" ಎಂದಳು.

ಸರಸಕ್ಕ ಮಗುವನ್ನು ನೋಡಿದಳು. ಆ ಮುಖ ಅವಳಲ್ಲಿ ಎಲ್ಲೂ ಇರಲಿಲ್ಲ. ಆ ಬಚ್ಚಲು, ಆ ಮನೆಗೆ ಬಂದು ಹೋದ ದಿನಗಳು, ಒಂದೂ ಇಲ್ಲ. "ನಾನ್ ಮೀಸಿದ್ದಾ ಇದನ್ನ?" ಎಂದುಬಿಟ್ಟಳು.

ಸೊಸೆಯ ನಗು ಅಲ್ಲೇ ನಿಂತಿತು. ಮಗುವನ್ನು ಎದೆಗೆ ಒತ್ತಿಕೊಂಡಳು.

ಇಂಥ ಮಾತಿಗೆ ಕಾಲು ಬೇಡ, ಬಸ್ಸೂ ಬೇಡ. ಕರೆಂಟು ಕೊಟ್ಟ ಮೇಲೆ ಸರಸಕ್ಕನಿಗೆ ಮೀಸಿದ ಮಗುವಿನ ಗುರುತೂ ಇಲ್ಲವಂತೆ, ಬಿಸಿನೀರು ತಣ್ಣೀರಿನ ವ್ಯತ್ಯಾಸ ಗೊತ್ತಾಗುತ್ತದೋ ಇಲ್ಲವೋ ಎಂದು ಸುದ್ದಿ ನಾವುಂದ ಮುಟ್ಟಿತು. ಯಾರೂ ಅವಳ ಮುಖದ ಮೇಲೆ ಏನೂ ಹೇಳಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಹೊಟ್ಟೆಪಾಡಿಗೆ ಅವಳು ಗಂಗೊಳ್ಳಿಯಲ್ಲಿ ಚಟ್ಲಿ ಎನ್ನುವ ಸಿಗಡಿ ಮೀನು ಸುಲಿಯುವ ಶೆಡ್ಡಿಗೆ ಹೋಗತೊಡಗಿದಳು. ಐಸಿನಲ್ಲಿಟ್ಟ ಚಟ್ಲಿ ಸುಲಿದು ಸುಲಿದು ಬೆರಳ ತುದಿ ಬೆಳ್ಳಗಾಗಿ ಸುಕ್ಕುಗಟ್ಟುತ್ತಿತ್ತು. ಸಾಲಾಗಿ ಕೂತ ಹೆಂಗಸರು ಬಾಯಿ ತುಂಬ ಮಾತಾಡುತ್ತಿದ್ದರು. ಇವಳ ಕಡೆ ತಿರುಗಿದಾಗ ಮಾತ್ರ ಸ್ವರ ತಗ್ಗಿಸಿ, ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳುತ್ತಿದ್ದರು.

ಹೀಗೆಯೇ ವರ್ಷಗಳು ಕಳೆದವು. ಎರಡು ಸಾವಿರದ ಎಂಟರಲ್ಲಿ ಒಂದು ಸಂಜೆ ನಾವುಂದದ ಸುಗುಣಮ್ಮ ಹಿತ್ತಲ ಬಾಗಿಲಿಗೆ ಬಂದು ನಿಂತರು. ಪೇಟೆಯಲ್ಲಿ ಅಂಗಡಿ ಇದ್ದ ಅನುಕೂಲಸ್ಥರು. ಮಗಳು ಸ್ವಾತಿ ಹೆರಿಗೆಗೆಂದು ಮುಂಬಯಿಯಿಂದ ಬಂದಿದ್ದಳು.

"ಸರಸಕ್ಕ, ನಮ್ಮ ಸ್ವಾತಿ ಶಿಶುವಿನ ಮುಖ ತಿರ್ಗಿಯೂ ಕಾಂತಿಲ್ಲೆ. ಹಾಲ್ ಕೊಡುಕೆ ಹೇಳ್ರೆ ಸುಮ್ನೆ ಕೂಕಂತ್ಳ್. ನಿಮ್ಗೂ ಹಿಂದೆ ಹೀಂಗೇ ಆದ್ದಲ್ದಾ... ಯಾರಿಗೂ ಹೇಳ್ಬೇಡಿ, ಆಯ್ತಾ?"

ಸರಸಕ್ಕ ಹೋದಳು. ಸ್ವಾತಿಯ ಪಕ್ಕದಲ್ಲಿ ಕೂತಳು. ಕಾರಣ ಕೇಳಲಿಲ್ಲ. "ಶಿಶು ಅಳುದ್ ದೂರದಗೆ ಕೇಣತ್ತಾ?" ಎಂದಳು.

ಸ್ವಾತಿ ತಟ್ಟನೆ ತಿರುಗಿದಳು. "ನಿಮ್ಗ್ ಹ್ಯಾಂಗ್ ಗೊತ್ತ್?"

"ನಂಗೂ ಹಾಂಗೇ ಕೇಣ್ತಿತ್ತ್. ಇದ್ ನಿನ್ನ ತಪ್ಪಲ್ಲ ಹೆಣೆ, ಸೀಕ್, ಕಾಯ್ಲೆ. ನಾಳೆ ನಾನೇ ಕರ್ಕಂಡ್ ಹೋತೆ."

ಬಸ್ಸಿನಲ್ಲಿ ಸ್ವಾತಿ ಅವಳ ಕೈ ಬಿಡಲಿಲ್ಲ. "ನಂಗೂ ಕರೆಂಟ್ ಕೊಡ್ತ್ರಾ?" ಎಂದು ದಾರಿಯುದ್ದಕ್ಕೂ ಕೇಳಿದಳು. ಡಾಕ್ಟರು ನಿಧಾನವಾಗಿ ಪರೀಕ್ಷಿಸಿ, "ನಿಮಗೆ ಅದು ಬೇಕಾಗಲಿಕ್ಕಿಲ್ಲ. ಮಾತ್ರೆ ಇರಲಿ, ಸ್ವರ್ಣಲತಾ ಹತ್ತಿರ ಮಾತಾಡಿ. ಎಲ್ಲರ ಬೇನೆಗೂ ಒಂದೇ ಮದ್ದಲ್ಲ" ಎಂದರು.

ಸ್ವಾತಿ ಚೇತರಿಸಿಕೊಳ್ಳುವವರೆಗೆ ಶಿಶುವನ್ನು ಮೀಸಿದ್ದು ಸರಸಕ್ಕ. ಮೊದಲ ದಿನ ಕಾಲ ಮೇಲೆ ಆ ಪುಟ್ಟ ಭಾರ ಬಿದ್ದಾಗ ಅವಳು ಎಣ್ಣೆಯಲ್ಲಿ ಅಂಗೈ ಅದ್ದಿದಳು. ಶಿಶು ಅತ್ತಿತು. ಕಿವಿಯ ಹತ್ತಿರವೇ, ಕರ್ಕಶವಾಗಿ ಅತ್ತಿತು. ಆ ವಾರಗಳಲ್ಲಿ ಅವಳು ಶೆಡ್ಡಿನ ಕೆಲಸವನ್ನೂ ಬಿಟ್ಟಿದ್ದಳು.

ಸ್ವಾತಿ ನಗತೊಡಗಿದಳು, ಮಗುವನ್ನು ಎತ್ತಿಕೊಂಡು ಅಂಗಳಕ್ಕೂ ಬಂದಳು. ಅವಳ ಗಂಡನ ಮನೆಯವರು ಹೆಸರಿಡುವ ಶಾಸ್ತ್ರಕ್ಕೆ ಬರುವುದು ಗೊತ್ತಾಯಿತು. ಸುಗುಣಮ್ಮ ಒಂದು ಹೊಸ ಸೀರೆ ತಂದು ಸರಸಕ್ಕನ ಕೈಯಲ್ಲಿಟ್ಟರು.

"ನಾಳೆಯಿಂದ ನೀವ್ ಬಪ್ಪುದ್ ಬ್ಯಾಡ. ನಿಮ್ಮನ್ನ್ ಕಂಡ್ರೆ ಅವ್ರ್ ಎಂತಕೆ ಏನ್ ಅಂದ್ಹೇಳಿ ಕೇಣ್ತ್ರ್. ಹೆಣ್ಣಿನ ಸಂಸಾರದ್ ಪ್ರಶ್ನೆ. ಬೇಜಾರ್ ಮಾಡ್ಕಣ್ಬೇಡಿ."

"ಇಲ್ಲೆ ಸುಗುಣಮ್ಮ" ಎಂದು ಸರಸಕ್ಕ ಸೀರೆ ತೆಗೆದುಕೊಂಡು ಬಂದಳು. ಅದನ್ನು ಉಡಲಿಲ್ಲ. ಒಮ್ಮೆ ಕುಂದಾಪುರದ ಸಂತೆಯಲ್ಲಿ ಎದುರಾದಾಗ ಸುಗುಣಮ್ಮ ಬದನೆಕಾಯಿ ಆರಿಸುವುದರಲ್ಲಿ ಮುಳುಗಿಬಿಟ್ಟರು. ಸ್ವಾತಿ ಒಂದು ಹೆಜ್ಜೆ ಮುಂದಿಟ್ಟವಳು ತಾಯಿಯ ಮುಖ ನೋಡಿ ಬದನೆಕಾಯಿಗೆ ಚೀಲ ಒಡ್ಡಿದಳು. ಅವಳ ಸೊಂಟದ ಮೇಲಿದ್ದ ಮಗು ಸರಸಕ್ಕನನ್ನು ಅಪರಿಚಿತರನ್ನು ನೋಡುವ ಹಾಗೆ ನೋಡಿತು.

ಆ ತಿಂಗಳು ಆಸ್ಪತ್ರೆಗೆ ಹೋದಾಗ ಸರಸಕ್ಕ ಹೆದರಿದ್ದಳು. "ಮತ್ತೆ ಬಂತಾ ಅಂದ್ಹೇಳಿ ಹೆದ್ರಿಕೆ ಆತ್ತ್ ನಂಗೆ. ಇನ್ನೊಂದ್ ಸರ್ತಿ ಕರೆಂಟ್ ಕೊಡಿ ಬೇಕಾರೆ."

"ಉಂಬುದ್ ಹ್ಯಾಂಗಿತ್ತ್?" ಎಂದು ಸ್ವರ್ಣಲತಾ ಕೇಳಿದರು.

"ಉಂತೆ."

"ನಿದ್ದಿ?"

"ಬತ್ತ್. ಮರ್ಕ್ ಬತ್ತ್, ಕಣ್ಣೀರ್ ಬತ್ತ್. ಮೊದ್ಲ್ ಸೀಕ್ ಆಪ್ಪತಿಗೆ ಮರ್ಕೂ ಬತ್ತಿರ್ಲಿಲ್ಲೆ." ಹಾಗೆ ಹೇಳುತ್ತಲೇ ಅವಳು ಅತ್ತಳು. ಸೆರಗು ಒದ್ದೆಯಾಗುವಷ್ಟು ಅತ್ತಳು.

ಸ್ವರ್ಣಲತಾ ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. "ಸರಸಕ್ಕ, ಇದ್ ಸೀಕ್ ಅಲ್ಲ. ನಿಮ್ಗ್ ಜನ ಬೇಜಾರ್ ಮಾಡಿರ್, ನಿಮ್ಗ್ ಬೇಜಾರ್ ಆಯ್ತ್. ಕರೆಂಟ್ ಸೀಕಿಗೆ. ಒಬ್ಬಳೇ ಇಪ್ಪುದಕ್ಕೆ ಆ ಮಿಶಿನಗೆ ಎಂತದೂ ಇಲ್ಲೆ. ಅದನ್ನ ನಾವಿಬ್ರೂ ಮಾತಾಡ್ಕಂಡೇ ದಾಟ್ಕ್."

ಎಷ್ಟೋ ತಿಂಗಳು ಅವರು ಅದನ್ನೇ ಮಾತಾಡಿದರು. ಕೊನೆಗೆ ಸ್ವರ್ಣಲತಾ ಒಂದು ವಿಷಯ ಎತ್ತಿದರು. ಬ್ರಹ್ಮಾವರದಲ್ಲಿ ಗುಣಪಾಲ ಎಂಬವರ ಮನೆಯಲ್ಲಿ ಬಾಣಂತಿಯನ್ನೂ ಶಿಶುವನ್ನೂ ಮೀಯಿಸಲು ಜನ ಹುಡುಕುತ್ತಿದ್ದಾರೆ, ಅಲ್ಲಿ ಅವಳ ಗುರುತು ಯಾರಿಗೂ ಇಲ್ಲ, ತಾನಂತೂ ಏನೂ ಹೇಳುವುದಿಲ್ಲ ಎಂದರು. ಸರಸಕ್ಕ ಬಸ್ಸಿನಲ್ಲಿ ಕೂತು ಇಡೀ ದಾರಿ ಯೋಚಿಸಿದಳು. ಮುಚ್ಚಿಟ್ಟರೆ ಎಂದೋ ಒಂದು ದಿನ ಯಾರೋ ಒಬ್ಬರು ಹೇಳುವವರೆಗೆ ಹೆದರಿಕೊಂಡೇ ಶಿಶುವನ್ನು ಹಿಡಿಯಬೇಕು. ಹೆದರಿದ ಕೈಯಲ್ಲಿ ಶಿಶು ನಿಲ್ಲುವುದಿಲ್ಲ.

ಗುಣಪಾಲರ ತಾಯಿ, ಹಣ್ಣು ಹಣ್ಣು ಮುದುಕಿ, ಜಗಲಿಯಲ್ಲಿ ಕೂತಿದ್ದರು. ಸರಸಕ್ಕ ಅಂಗಳದಲ್ಲೇ ನಿಂತು ತನ್ನ ಕಾಯಿಲೆ, ಕರೆಂಟು ಎಲ್ಲ ಹೇಳಿದಳು.

ಅಜ್ಜಿ ಅವಳ ಕೈಗಳನ್ನೇ ನೋಡಿದರು. "ಕೈ ನಡುಗತ್ತಾ?"

"ಇಲ್ಲೆ."

"ಶಿಶು ಜಾರ್ಸಿದ್ದ್ ಇತ್ತಾ, ಯಾವಾಗಾರೂ?"

"ಇಲ್ಲೆ ಅಮ್ಮ."

"ಹಾಂಗಾರೆ ಮೀಸು. ನಾನ್ ಹತ್ರ ಕೂಕಂಡ್ ಕಾಂತೆ."

ಅಜ್ಜಿ ಹೇಳಿದಂತೆ ಬಚ್ಚಲ ಬಾಗಿಲಲ್ಲಿ ಕೂತು ಕಣ್ಣು ಕೀಳದೆ ನೋಡಿದರು. ಮರುದಿನವೂ ಕೂತರು, ಅದರ ಮರುದಿನವೂ. ಬೆನ್ನಿನ ಮೇಲೆ ಆ ನೋಟ ಹೊತ್ತುಕೊಂಡೇ ಸರಸಕ್ಕ ಎಣ್ಣೆ ತಿಕ್ಕಿದಳು. ಒಂದು ಬೆಳಗ್ಗೆ ತಿರುಗಿ ನೋಡಿದರೆ ಬಾಗಿಲಲ್ಲಿ ಯಾರೂ ಇರಲಿಲ್ಲ. ಅಜ್ಜಿ ಹಿತ್ತಲಲ್ಲಿ ಕೋಳಿಗೆ ಅಕ್ಕಿ ಹಾಕುತ್ತಿದ್ದರು.

ಆ ಮನೆಯಿಂದ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಬ್ರಹ್ಮಾವರದ ಸುತ್ತ ಅವಳಿಗೆ ಕೆಲಸ ಸಿಕ್ಕಿತು. ವಿಷಯ ಕೇಳಿ ಬೇಡವೆಂದು ಕಳಿಸಿದವರೂ ಇದ್ದರು. ಮರವಂತೆಯಲ್ಲಿ, ತಾನು ಹುಟ್ಟಿ ಬೆಳೆದ ಕೇರಿಯಲ್ಲಿ, ಆಮೇಲೆ ಅವಳನ್ನು ಒಬ್ಬರೂ ಕರೆಯಲಿಲ್ಲ. ಕೆಲಸವಿಲ್ಲದ ದಿನ ಅವಳು ಜಗಲಿಯಲ್ಲಿ ಕೂತು ರಸ್ತೆಯ ಲಾರಿಗಳನ್ನು ನೋಡುವಳು. ಅದೂ ಸಾಕಾದರೆ ಸೀತುವಿನ ಅಡುಗೆಮನೆಗೆ ಹೋಗಿ ಕಾಯಿ ಹೆರೆದು ಕೊಡುವಳು. ಮಾತು ಕಡಿಮೆಯೇ.

ಎರಡು ಸಾವಿರದ ಹನ್ನೆರಡರ ಆಟಿ ತಿಂಗಳಲ್ಲಿ, ಬಿಡದೆ ಮಳೆ ಹೊಯ್ಯುತ್ತಿದ್ದಾಗ, ಗಂಜಿಯ ರುಚಿ ಮತ್ತೆ ಸತ್ತಿತು. ಬೆಳಗ್ಗೆ ಏಳುವುದು ಭಾರವಾಯಿತು. ಈ ಸಲ ಇದು ಬೇಜಾರಲ್ಲ ಎಂದು ಅವಳಿಗೆ ಗೊತ್ತಾಯಿತು. ಇನ್ನೂ ಏಳಲು ಆಗುವಾಗಲೇ ಎದ್ದು, ಎರಡು ಸೀರೆ ಗಂಟು ಕಟ್ಟಿಕೊಂಡು, ಕೊಡೆ ಹಿಡಿದು ಹೆದ್ದಾರಿಗೆ ಬಂದು ಬಸ್ಸು ಹತ್ತಿದಳು. ಹೆಮ್ಮಾಡಿ ದಾಟಿದ ಮೇಲೆ ಮೊಬೈಲಿನಲ್ಲಿ ತಮ್ಮನಿಗೆ ಹೇಳಿದಳು.

"ಸುಬ್ಬ, ನಾನ್ ಆಸ್ಪತ್ರಿಗೆ ಹೊರ್ಟಿದೆ. ಗಾಬ್ರಿ ಮಾಡ್ಕಣ್ಬ್ಯಾಡ, ನಾನೇ ಹೋತೆ. ಡಾಕ್ಟ್ರ್ ಎಂತ ಬೇಕ್ ಅಂತ್ರೋ ಅದ್ ಮಾಡ್ಲಿ."

"ಒಬ್ಳೇಯಾ? ನಿಲ್ಲ್ ಅಕ್ಕ, ನಾನೂ ಬತ್ತೆ!"

"ನೀನ್ ಮಧ್ಯಾಹ್ನ ಮೇಲೆ ಬಾ" ಎಂದಳು ಸರಸಕ್ಕ. "ಬಪ್ಪತಿಗೆ ಗಂಜಿ ತಕಂಡ್ ಬಾ."

ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ತನ್ನ ಗಂಟು ಇಟ್ಟುಕೊಂಡಳು.