ಬರ್ನಡೀನಳ ಸೋಲಿನ ವರ್ಷ

ಪೋರ್ಟ್ ಹ್ಯಾಡ್ಲಿಯ ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷದಿಂದ ಸೌಟು ಹಿಡಿದಿದ್ದ ಬರ್ನಡೀನ್ ಕುಬಿಯಾಕ್ ಹರೆಯದಲ್ಲಿ ತನ್ನ ಮದುವೆಯ ದಿನ ಗೊತ್ತುಮಾಡಿಕೊಂಡಿದ್ದು ಪಾದ್ರಿಗಳನ್ನು ಕೇಳಿ ಅಲ್ಲ, ಊರಿನ ಬೇಸ್‌ಬಾಲ್ ತಂಡವಾದ ಹೆರಾನ್ಸ್‌ನ ವೇಳಾಪಟ್ಟಿ ನೋಡಿ. ತಂಡ ಊರಾಚೆ ಆಡುವ ಒಂದು ಶನಿವಾರ ಹುಡುಕಿ, ಅವತ್ತೇ ಉಂಗುರ ತೊಡಿಸಿಕೊಂಡಳು. ಗಂಡ ಜೀನ್‌ಗೆ ಬೇಸ್‌ಬಾಲಿನ ಗಂಧಗಾಳಿ ಇಲ್ಲ, ಅವನ ಹುಚ್ಚು ಗಾಳ ಹಾಕುವುದು. ಸಂಜೆ ಅವನು ಮೀನಿಲ್ಲದೆ, ಇವಳು ಗೆಲುವಿಲ್ಲದೆ ಮನೆಗೆ ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತ ಮೂವತ್ತೈದು ವರ್ಷ ಕಳೆದಿದ್ದರು.

ಆ ಚಳಿಗಾಲದಲ್ಲಿ ಹೆರಾನ್ಸ್‌ನ ಮಾಲೀಕರು ತಂಡದ ನಾಲ್ಕು ದೊಡ್ಡ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಬದಲಿಗೆ ಬಂದವರು ಹೆಸರೇ ಕೇಳಿರದ ಎಳೆಯರು. ತಂಡವನ್ನು ಹೊಸದಾಗಿ ಕಟ್ಟುತ್ತಿದ್ದೇವೆ, ಎರಡು ಮೂರು ವರ್ಷ ತಾಳ್ಮೆ ಇರಲಿ ಎಂದು ಪ್ರಕಟಣೆ ಬಂತು. ನಲವತ್ತು ವರ್ಷ ಬರ್ನಡೀನಳ ಪಕ್ಕದ ಕುರ್ಚಿಯಲ್ಲೇ ಕೂತು ಆಟ ನೋಡಿದ್ದ ಅವಳ ಅಣ್ಣ ಲೆನ್ ಪತ್ರಿಕೆಯನ್ನು ಮೇಜಿಗೆ ಬಡಿದ.

"ಇದೇನ್ ಕಟ್ಟೋದು ಬರ್ನಿ? ಇರೋ ಮನೆ ಕೆಡವಿ ಇಟ್ಟಿಗೆ ಮಾರ್ಕೊಳ್ಳೋದು ಇದು! ನಾನಂತೂ ಈ ವರ್ಷ ಆ ಕಡೆ ತಲೆ ಹಾಕಿ ಮಲಗಲ್ಲ."

"ಹಾಕ್ಬೇಡ. ನಿನ್ ಕುರ್ಚಿ ಮೇಲೆ ನನ್ ಕೋಟು ಆರಾಮಾಗಿ ಕೂತ್ಕೊಳುತ್ತೆ."

ಬರ್ನಡೀನ್ ಹೊಸಬರ ಹೆಸರನ್ನೆಲ್ಲ ಬರೆದು ಸೂಪಿನ ಕೊಳಗದ ಹಿಂದಿನ ಗೋಡೆಗೆ ಅಂಟಿಸಿದಳು. ಸೌಟು ತಿರುಗಿಸುತ್ತ ಮಗ್ಗಿ ಒಪ್ಪಿಸುವ ಹಾಗೆ ಹೆಸರು ಒಪ್ಪಿಸಿದಳು. ಏಪ್ರಿಲ್ ಮುಗಿಯುವ ಹೊತ್ತಿಗೆ ಹೆಸರುಗಳು ಬಾಯಿಗೆ ಬಂದಿದ್ದವು, ತಂಡ ಮಾತ್ರ ಇಪ್ಪತ್ತೊಂದು ಪಂದ್ಯ ಸೋತಿತ್ತು. ವ್ಯಾಯಾಮದ ಮೇಷ್ಟ್ರು ಡಾಯ್ಲ್ ದಿನಾ ತಟ್ಟೆ ಹಿಡಿದು ಬಂದವರೇ ಕಿಚಾಯಿಸುತ್ತಿದ್ದರು.

"ನಿನ್ನೆ ಏನಾಯ್ತು ಬರ್ನಿ? ಹನ್ನೊಂದು ಸೊನ್ನೆನಾ?"

"ಹನ್ನೊಂದು ಎರಡು. ಆ ಎರಡನ್ನ ಯಾಕ್ ನುಂಗ್ತೀರಾ ಮೇಷ್ಟ್ರೇ? ಆಲೂಗಡ್ಡೆ ಹಾಕ್ತೀನಿ, ಅದನ್ನ ನುಂಗಿ."

ವಿಚಿತ್ರವೆಂದರೆ ಅವಳಿಗೆ ಆ ವರ್ಷ ಹಿಂದೆಂದೂ ಇಲ್ಲದಷ್ಟು ಮಜಾ ಸಿಗುತ್ತಿತ್ತು. ಗೆಲ್ಲುವ ತಂಡ ಸೋತರೆ ಹೊಟ್ಟೆ ಉರಿಯುತ್ತದೆ. ಸೋಲುವ ತಂಡದ ಹುಡುಗನೊಬ್ಬ ಚೆಂಡನ್ನು ಸರಿಯಾಗಿ ಹಿಡಿದರೂ ಸಾಕು, ಹಬ್ಬ. ಖಾಲಿ ಮೈದಾನದಲ್ಲಿ ಅವಳ ಕೂಗು ಪ್ರತಿಯೊಬ್ಬನ ಕಿವಿಗೂ ಬೀಳುತ್ತಿತ್ತು, ಹುಡುಗರು ತಿರುಗಿ ಕೈಬೀಸುತ್ತಿದ್ದರು. ತುಂಬಿದ ಮೈದಾನದಲ್ಲಿ ಈ ಭಾಗ್ಯ ಯಾರಿಗಿತ್ತು?

ಜೂನ್ ತಿಂಗಳ ಒಂದು ಭಾನುವಾರ ಊಟಕ್ಕೆ ಬಂದಿದ್ದ ಲೆನ್, ಹಿಟ್ಟಿನ ಕಡುಬಿಗೆ ಬೆಣ್ಣೆ ಸವರುತ್ತ ಯಾವ ಲೋಕದಲ್ಲಿದ್ದನೋ, "ಆ ಎಡಗೈಲಿ ಚೆಂಡೆಸೆಯೋ ಪಿಚರ್ ಹುಡುಗನ ಭುಜ ಈಗ ಹೆಂಗಿದೆ?" ಎಂದುಬಿಟ್ಟ.

ಬರ್ನಡೀನ್ ಫೋರ್ಕು ಕೆಳಗಿಟ್ಟಳು. "ಭುಜ ನೋವು ಅಂತ ನಿಂಗೆ ಹೆಂಗ್ ಗೊತ್ತು?"

"ಯಾರೋ ಅಂದ್ರು."

"ಯಾರೋ ಅಲ್ಲ. ಗ್ಯಾರೇಜಲ್ಲಿ ಕದ ಹಾಕ್ಕೊಂಡು ರೇಡಿಯೋ ಕೇಳ್ತಿದೀಯ! ಕಳ್ಳ!"

ಲೆನ್‌ನ ಕಿವಿ ಬೀಟ್‌ರೂಟಿನಂತೆ ಕೆಂಪಾಯಿತು. ಜೀನ್ ನಗುವ ಭರದಲ್ಲಿ ಕಾಫಿಯನ್ನು ಮೂಗಿಗೆ ಹತ್ತಿಸಿಕೊಂಡ. ಮುಂದಿನ ಮಂಗಳವಾರ ಬರ್ನಡೀನಳ ಕೋಟಿಗೆ ಕುರ್ಚಿ ತಪ್ಪಿತು.

ಆಗಸ್ಟಿನಲ್ಲಿ ಬ್ಯಾಟುಗಾರನ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಬೆರಳು ಮುರಿದುಕೊಂಡದ್ದರಿಂದ ಡೊಮಿನಿಕನ್ ಗಣರಾಜ್ಯದ, ಸ್ಪ್ಯಾನಿಷ್ ಮಾತಿನ ಇಪ್ಪತ್ತೆರಡರ ಹುಡುಗನೊಬ್ಬನನ್ನು ಕರೆಸಿದರು. ಅಂಗಿಯ ಬೆನ್ನ ಮೇಲೆ ಸಾಂತೆಲಿಸೆಸ್ ಎಂಬ ಅಡ್ಡಹೆಸರು ಈ ಭುಜದಿಂದ ಆ ಭುಜದವರೆಗೆ. ಅಷ್ಟುದ್ದ ಕೂಗಲಾರದೆ ಬರ್ನಡೀನ್ ಪಟ್ಟಿಯಲ್ಲಿ ಮೊದಲ ಹೆಸರು ನೋಡಿಕೊಂಡು ಒಂದು ವಾರ "ಜೈರೋ! ಜೈರೋ!" ಎಂದು ಗಂಟಲು ಹರಿದುಕೊಂಡಳು. ಎಂಟನೆಯ ದಿನ ಆಟಕ್ಕೆ ಮೊದಲು ಅವನೇ ಬೇಲಿಯ ಹತ್ತಿರ ಬಂದ. ಬಾಯ್ತುಂಬ ನಗು.

"ದೋನ್ಯಾ, ಜೈರೋ ಅಲ್ಲ. ಹಾಯ್ರೊ."

"ಅಯ್ಯೋ ಮಗಾ! ಒಂದ್ ವಾರದಿಂದ ಯಾಕೋ ಹೇಳ್ಲಿಲ್ಲ?"

"ನೀವು ತುಂಬಾ ಖುಷಿಯಾಗಿ ಕೂಗ್ತಿದ್ರಿ."

"ಅಮ್ಮನ ವಯಸ್ಸಿನವಳು ಅಂತ ದೋನ್ಯಾ ಅಂದಿದಾನೆ," ಎಂದು ಲೆನ್ ವಿವರಿಸಿದ. "ಅಜ್ಜಿ ಅನ್ಲಿಲ್ಲವಲ್ಲ, ಪುಣ್ಯ."

ಹಾಯ್ರೊ ಚೆಂಡು ಹಿಡಿಯುವುದರಲ್ಲಿ ಹುಲಿ, ಆದರೆ ಬ್ಯಾಟು ಹಿಡಿದರೆ ಪಾಪದ ಪ್ರಾಣಿ. ಮೂವತ್ತೇಳು ಸಲ ಬ್ಯಾಟಿಗೆ ಬಂದರೂ ಒಂದೇ ಒಂದು ಹಿಟ್ ಇಲ್ಲ. ಪ್ರತಿ ಸಲವೂ ಬರ್ನಡೀನ್ ಎದ್ದುನಿಂತು, ಈ ಸಲ ಹೊಡೆದೇ ಹೊಡೆಯುತ್ತಾನೆಂದು ಲೆನ್‌ನ ತೋಳು ಹಿಂಡುತ್ತಿದ್ದಳು. ಅವನ ತೋಳಿನಲ್ಲಿ ನೀಲಿ ಕಲೆಗಳೆದ್ದಿದ್ದವು.

ಸೆಪ್ಟೆಂಬರಿನಲ್ಲಿ ಊರಲ್ಲಿ ಆಡುವ ಕೊನೆಯ ಪಂದ್ಯ ಬುಧವಾರ ಮಧ್ಯಾಹ್ನಕ್ಕೆ ಬಿತ್ತು. ಅಷ್ಟರಲ್ಲಿ ಸೋಲುಗಳು ನೂರಾ ಮೂರು. ಬರ್ನಡೀನ್ ಜ್ವರ ಗಿರ ಎಂದು ನೆಪ ಹೇಳದೆ, "ಆಟಕ್ಕೆ ಹೋಗ್ಬೇಕು, ರಜಾ ಕೊಡಿ," ಎಂದು ಮುಖ್ಯೋಪಾಧ್ಯಾಯಿನಿಯನ್ನು ನೇರವಾಗಿ ಕೇಳಿದಳು. ಆಕೆ ಕನ್ನಡಕ ತೆಗೆದು, "ಇನ್ನೂ ಹೋಗೋರಿದಾರಾ?" ಎಂದು ಕೇಳಿ ರಜೆ ಕೊಟ್ಟರು.

ಹೋದವರು ಮುನ್ನೂರು ಜನವಿದ್ದರೆ ಹೆಚ್ಚು. ಬಾಗಿಲು ಕಾಯುವವನೇ ಎಲ್ಲರನ್ನೂ ಕರೆದು ಮುಂದಿನ ಸಾಲುಗಳಲ್ಲಿ ಕೂರಿಸಿದ. ಬಿಸಿಲು ಹಿತವಾಗಿತ್ತು, ಪರಿಚಯವಿಲ್ಲದವರು ಕಡಲೆಕಾಯಿ ಹಂಚಿಕೊಂಡರು, ಒಂಬತ್ತು ಇನ್ನಿಂಗ್ಸಿಗೆ ಮುಗಿಯಬೇಕಿದ್ದ ಆಟ ಸಮಸಮವಾಗಿ ಹನ್ನೊಂದನೆಯದಕ್ಕೆ ಎಳೆಯಿತು. ಹೆರಾನ್ಸ್‌ಗೆ ಒಂದೇ ಒಂದು ರನ್ ಬೇಕು. ರನ್ನಿಗೆ ಓಡುವ ದಾರಿಯ ಮೂರೂ ಬೇಸುಗಳಲ್ಲಿ ನಮ್ಮ ಹುಡುಗರೇ ನಿಂತಿದ್ದಾರೆ. ಇಬ್ಬರು ಆಗಲೇ ಔಟ್, ಇನ್ನೊಬ್ಬ ಔಟಾದರೆ ಸರದಿ ಮುಗಿಯಿತು. ಬ್ಯಾಟು ಹಿಡಿದು ಬಂದವನು ಹಾಯ್ರೊ.

"ಮುಗೀತು," ಎಂದ ಲೆನ್.

"ಬಾಯ್ಮುಚ್ಕೊಂಡು ಕೂಗು!" ಎಂದಳು ಬರ್ನಡೀನ್.

ಮುನ್ನೂರು ಜನ "ಹಾಯ್ರೊ! ಹಾಯ್ರೊ!" ಎಂದು ಕುರ್ಚಿ ಬಡಿಯತೊಡಗಿದರು. ಮೊದಲನೆಯ ಚೆಂಡಿಗೆ ಬೀಸಿದ, ಬ್ಯಾಟು ಬರೀ ಗಾಳಿ ಹೊಡೆಯಿತು. ಎರಡನೆಯದಕ್ಕೆ ಎಷ್ಟು ಜೋರಾಗಿ ಬೀಸಿದನೆಂದರೆ ಶಿರಸ್ತ್ರಾಣ ಉದುರಿ ಉರುಳಿತು, ಚೆಂಡು ಸಿಗಲಿಲ್ಲ. ಇನ್ನೊಂದು ತಪ್ಪಿದರೆ ಔಟ್. ಮೂರನೆಯ ಚೆಂಡು ಪಿಚರ್‌ನ ಕೈಯಿಂದ ಜಾರಿ ಎಲ್ಲೆಲ್ಲೋ ಬಂತು. ಹಾಯ್ರೊ ತಪ್ಪಿಸಿಕೊಳ್ಳಲು ಗಿರಕ್ಕನೆ ತಿರುಗಿದ. ಚೆಂಡು ಹೋಗಿ ಅವನ ಅಂಡಿಗೆ ಫಟ್ ಎಂದು ಬಡಿಯಿತು.

ಮುನ್ನೂರು ಜನ ಒಟ್ಟಿಗೆ ಎದ್ದುನಿಂತರು.

ಚೆಂಡು ಮೈಗೆ ತಗುಲಿದರೆ ಬ್ಯಾಟುಗಾರನಿಗೆ ಮೊದಲ ಬೇಸು ಪುಕ್ಕಟೆ. ಬೇಸು ತುಂಬಿದ್ದರಿಂದ ಎಲ್ಲರೂ ಒಂದೊಂದು ಬೇಸು ಮುಂದೆ, ಮೂರನೆಯದರಲ್ಲಿದ್ದವನು ಬ್ಯಾಟು ಬೀಸುವ ಜಾಗಕ್ಕೇ ವಾಪಸು ಬಂದು ಒಂದು ರನ್. ಅಂದರೆ ಗೆದ್ದಾಯಿತು! ಎಲ್ಲರಿಗೂ ತಿಳಿಯಿತು, ಹಾಯ್ರೊಗೆ ತಿಳಿಯಲಿಲ್ಲ. ಅವನು ಹಿಂದೆ ಕೈಯಿಟ್ಟು ಉಜ್ಜಿಕೊಳ್ಳುತ್ತ ಮುಖ ಕಿವುಚಿ ನಿಂತೇ ಇದ್ದ.

"ನಡಿಯೋ!" ಬರ್ನಡೀನ್ ಬೇಲಿ ಹತ್ತಿದಳು. "ಬೇಸಿಗ್ ನಡಿಯೋ ನನ್ನಪ್ಪಾ! ಆಮೇಲ್ ಉಜ್ಕೊಳುವಂತೆ!"

ಅವನು ಕುಂಟುತ್ತ ಹೋಗಿ ಬೇಸು ತುಳಿದ. ಇಡೀ ತಂಡ ಮೇಲೆ ಬಿದ್ದು ಬಕೆಟ್ಟುಗಟ್ಟಲೆ ನೀರು ಸುರಿಯಿತು. ಗುಂಪಿನ ಅಡಿಯಿಂದ "ಹಿಂದೆ ಮುಟ್ಟಬೇಡಿ! ಹಿಂದೆ ಮುಟ್ಟಬೇಡಿ!" ಎಂಬ ಕೂಗು ಕೇಳುತ್ತಿತ್ತು. ಬರ್ನಡೀನ್ ಯಾರೋ ಗೊತ್ತಿಲ್ಲದ ಅಂಚೆಯವನನ್ನು ತಬ್ಬಿಕೊಂಡು ಕುಣಿದಳು. ಲೆನ್ ಟೋಪಿ ಮೇಲಕ್ಕೆಸೆದ, ಅದು ವಾಪಸು ಬರಲೇ ಇಲ್ಲ.

ಹಾಯ್ರೊ ಬೇಲಿಯ ಬಳಿ ಬಂದಾಗ ಅವಳಿಗೆ ನಗು, ಅಳು ಎರಡೂ ಒಟ್ಟಿಗೆ ಬರುತ್ತಿದ್ದವು.

"ತುಂಬಾ ನೋವಾಯ್ತೇನೋ ಮಗಾ?"

"ಇವತ್ತು ನಿಂತ್ಕೊಂಡೇ ಊಟ, ದೋನ್ಯಾ."

ಆಟ ಮುಗಿದು ಅರ್ಧ ಗಂಟೆಯಾದರೂ ಯಾರಿಗೂ ಏಳಲು ಮನಸ್ಸಿಲ್ಲ. ಲೆನ್ ಬೋಳುತಲೆಗೆ ಕೈ ಅಡ್ಡ ಹಿಡಿದುಕೊಂಡು, "ಬರೋ ವರ್ಷ ಇದಕ್ಕಿಂತ ಎಳೆಯ ಹುಡುಗ್ರನ್ನ ತರ್ತಾರಂತೆ. ಇನ್ನೂ ಕೆಟ್ಟದಾಗಿ ಆಡ್ತಾರೆ," ಎಂದ.

"ನಿಜವಾಗ್ಲೂ?" ಬರ್ನಡೀನಳ ಕಣ್ಣುಗಳು ಅರಳಿದವು.

ಅಷ್ಟರಲ್ಲಿ ಮೈದಾನದವರು ಹುಲ್ಲಿಗೆ ನೀರು ಬಿಟ್ಟರು. ಕಾರಂಜಿ ನೇರ ಮುಂದಿನ ಸಾಲಿಗೇ ಹಾರಿತು. ಅರವತ್ತೊಂದರ ತಂಗಿಯೂ ಅರವತ್ತಾರರ ಅಣ್ಣನೂ ಕಿರುಚುತ್ತ, ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತ ಮೆಟ್ಟಿಲು ಹತ್ತಿ ಓಡಿದರು.